ಸೊನ್ನಿ ಪಾಯಿಂಟ್ ನಾಕು

ಬೆಳಗಾವಿ ಉದ್ಯಮಬಾಗದಾಗ, ಫೌಂಡ್ರಿ ಮ್ಯಾಲಿನ ಮಾಳಗಿ ನಮ್ಮ ಆಫೀಸು.
ಕೆಳಗ ಕಬ್ಬಿಣ ಕರಗತೈತಿ, ಮ್ಯಾಲ ನಮ್ಮ ಚಹಾ ಆರತೈತಿ.

ಒಂದ ರೆಪೊ. ಅದರಾಗ ಒಂಬತ್ತು ಪ್ಯಾಕೇಜು:
ತೂಕ, ಬಿಲ್ಲು, ಗೇಟ್‌ಪಾಸು, ಭಟ್ಟಿ ಲೆಕ್ಕ, ಉಸುಕಿನ ಲೆಕ್ಕ,
ಹಾಜರಿ. ಉಳದ ಮೂರರ ಹೆಸರು ಹೇಳೂದಿಲ್ಲ,
ಅವು ಇನ್ನೂ ಹುಟ್ಟಾಕತ್ತಾವ.

ಒಂದ ಮನ್ಯಾಗಿನ ಮಕ್ಕಳು ಖರೆ, ವಯಸ್ಸು ಬ್ಯಾರೆ ಬ್ಯಾರೆ.
ಬಿಲ್ಲಿಗೆ ಏಳು ನಡದೈತಿ, ಗೇಟ್‌ಪಾಸಿಗೆ ಮೂರು.
ಹಾಜರಿ ಮಾತ್ರ ಸೊನ್ನಿ ಪಾಯಿಂಟ್ ನಾಕು.
ಅದನ್ನ ಬರದ ಪಿರಾಜಿ ಈಗ ಖಾನಾಪುರದಾಗ ಬೇಕರಿ ಇಟ್ಟಾನ.
ಅವ ಹೋದ ಮ್ಯಾಲ ಅದನ್ನ ಯಾರೂ ಮುಟ್ಟಿಲ್ಲ,
ಅದೂ ಯಾರನ್ನೂ ಕರದಿಲ್ಲ.

ಶುಕ್ರವಾರ ನಾ ತೂಕದಾಗ ಒಂದ ಸಾಲು ತಿದ್ದಿದೆ.
ಎರಕದ ತೂಕ ಇಷ್ಟು ದಿನ ಇಡೀ ಕಿಲೋಕ್ಕ ಬಂದು ಕೂಡತಿತ್ತು;
ಪುಣೆದ ಗಿರಾಕಿ ಗ್ರಾಮಿನ ಲೆಕ್ಕ ಕೇಳಿದ.
ಮೂರು ದಶಾಂಶ ಬಿಟ್ಟೆ. ಅಷ್ಟ.

ರಾತ್ರಿ ಜಗಳ ಹತ್ತಿತು.
'ಎಲ್ಲಾಕ್ಕೂ ಒಂದ ನಂಬರ ಕೊಡೂಣು,' ಅಂದ ಜಿನ್ನಪ್ಪ,
'ಪಂಕ್ತಿಗೆ ಕುಂತ ಮ್ಯಾಲ ಒಬ್ಬಂವ ಮೊದಲ ಏಳಬಾರದು.'
'ಹಸಿವಿ ಇಲ್ಲದವನ್ನ ಯಾಕ ಕುಂಡ್ರಸ್ತಿ?' ಅಂದ್ಲು ಮೆಹಜಬೀನ.
ಹನ್ನೊಂದಾತು. ಟಿಳಕವಾಡಿ ಕಡೆ ಕಡೇ ರಿಕ್ಷಾ ಹೋತು.
ಪಂಕ್ತಿನ ಗೆದ್ದಿತು.

ಒಂದ ಆಜ್ಞೆ. ಒಂಬತ್ತೂ ಬಿಲ್ಡು, ಒಂಬತ್ತೂ ಹಸರು ದೀಪ,
ಒಂಬತ್ತರ ಹಣಿ ಮ್ಯಾಲೂ ಎಂಟು ಅಂತ ಬರದು ಕಳಿಸಿದ್ವಿ.
ಸೊನ್ನಿ ಪಾಯಿಂಟ್ ನಾಕರ ಕೂಸು
ಒಂದ ರಾತ್ರ್ಯಾಗ ಎಂಟರದಾತು.

ಮುಂಜಾನೆ ಏಳಕ್ಕ ಗೇಟಿನ್ಯಾಗ ಯಲ್ಲೋಜಿ ಕಾಕಾ.
ಮೂವತ್ತೊಂದು ವರ್ಷ ಉಸುಕು ತಿಕ್ಕಿದ ಹೆಬ್ಬೆಟ್ಟು,
ಗೆರಿ ಇಲ್ಲ, ನುಣ್ಣಗ, ಹೊಳೀ ಕಲ್ಲಿನಂಗ.
ಒತ್ತಿದ. ಕೆಂಪು.
ಧೋತರಕ್ಕ ವರಸಿ ಒತ್ತಿದ. ಕೆಂಪು.
'ನಿನ್ನಿತನಕ ನಾ ಇದ್ನೆಲ್ಲೋ ತಮ್ಮಾ?'
ಅಂತ ಮಷಿನ್ನಿಗೇ ಕೇಳಿದ.

ಮ್ಯಾಲ ಓಡಿ, ಬಿಚ್ಚಿ ನೋಡಿದ್ರ:
ಕಾಕಾನ ಹೆಬ್ಬೆಟ್ಟು ದಿನಾ ಕೂಡೂದು ಐವತ್ತೊಂಬತ್ತು ಪಾಯಿಂಟ್ ಆರು.
ಗೇಟು ಬಿಡೂದು ಅರವತ್ತಕ್ಕ.
ನಡುವಿನ ಕೊರತಿಯನ್ನ ಪಿರಾಜಿ
ತೂಕದ ಪ್ಯಾಕೇಜಿನಿಂದ ಕಡ ತಂದು ತುಂಬಿದ್ದ.
ಕಬ್ಬಿಣ ತೂಗೂ ಸಾಲಿಲೆ ಮನಶ್ಯಾನ ತೂಗಿ,
ಇಡೀ ಮಾಡಿ, ಒಳಗ ಬಿಟ್ಟಿದ್ದ.
ಕಮೆಂಟು ಒಂದೂ ಬರದಿರಲಿಲ್ಲ.
ಗೊತ್ತಿದ್ದು ಮಾಡಿದ್ನೋ, ಆಳಸಿತನಕ್ಕೋ,
ಕೇಳೂಣಂತ ಫೋನ್ ಹಚ್ಚಿದೆ.
'ಟೋಸ್ಟು ಭಟ್ಟಿಯಾಗೈತಿ, ಆಮ್ಯಾಲ ಮಾಡು,' ಅಂದ.

ಹಾಜರಿಯನ್ನ ಪಂಕ್ತಿಯಿಂದ ಎಬ್ಬಿಸಿದ್ವಿ.
ಹಳೇ ತೂಕಕ್ಕ ಗಂಟು ಹಾಕಿ,
ಅದೊಂದನ್ನ ಬ್ಯಾರೆ ಬಿಟ್ವಿ:
ಸೊನ್ನಿ ಪಾಯಿಂಟ್ ನಾಕು ಪಾಯಿಂಟ್ ಒಂದು.
ನಂಬರ ಹಿಂದಕ್ಕ ಹೋಗೂದು ಶಾಸ್ತ್ರಕ್ಕ ಬರೂದಿಲ್ಲ ಅಂದ ಜಿನ್ನಪ್ಪ.
ಒಪ್ಪಿಗಿ ಮಾತ್ರ ತಾನ ಒತ್ತಿದ.
ಬದಲಾವಣೆ ಪಟ್ಟ್ಯಾಗ ಮೆಹಜಬೀನ ಬರದ್ಲು:
'ಯಲ್ಲೋಜಿ ಒಳಗ ಬಂದಾನ.'

ಕೆಳಗ ಮೊದಲನೇ ಹೀಟು ಸುರದು ಆರಿತ್ತು.
ಒಂದ ಕಾಲುವಿಗೆ ಜೋತುಬಿದ್ದ ಎರಕಗಳನ್ನ ಕಾಕಾ ಮುರಕೊಂಡು
ಒಂದೊಂದಕ್ಕ ಸುತ್ತಿಗಿ ಬಡದು ಕಿವಿ ಕೊಟ್ಟ.
ಮೂರನೇದು ಯಾಕೋ ಸಪ್ಪಗ ಅಂದಿತು.
ಅದನ್ನ ಬದಿಗಿಟ್ಟ.