ಗುರುತು ಸಿಗಲಿಲ್ಲ

ನಾಲ್ಕನೇ ಕಳ್ಳತನವಾದ ಮೇಲೆ ಸಭೆ ಸೇರಿತು,
ಕ್ಲಬ್‌ಹೌಸಿನಲ್ಲಿ, ಭಾನುವಾರ, ಚರ್ಚು ಬಿಟ್ಟ ನಂತರ.
ನಾನು ಬಾಗಿಲ ಹೊರಗೆ ನಿಂತಿದ್ದೆ.
ಒಳಗಿನ ಮಾತಿಗೂ ನಾನೇ ವಿಷಯ,
ಮಾತು ಮುಗಿದ ಮೇಲೆ ಕುರ್ಚಿ ಎತ್ತಿಡಲೂ ನಾನೇ.

ಹೋದದ್ದು ಏನೇನೆಂದು ನನ್ನ ಪುಸ್ತಕದಲ್ಲಿದೆ:
ಎರಡನೇ ನಂಬರಿನ ಟಿವಿ,
ಒಂಬತ್ತರ ಗ್ಯಾಸ್ ಸಿಲಿಂಡರು,
ಇಪ್ಪತ್ತರಲ್ಲಿ ಮದುವೆಗೆಂದು ತಂದಿಟ್ಟ ಆರು ಕಂಬಳಿ.
ಹದಿನಾಲ್ಕರ ಓಲುಓಚ್ ಮೇಷ್ಟರ ಮನೆಯಲ್ಲಿ ಮಾತ್ರ
ಲ್ಯಾಪ್‌ಟಾಪಿನ ಜೊತೆ, ಮುಚ್ಚಿಟ್ಟಿದ್ದ ಮೀನಿನ ಸಾರೂ ಹೋಯಿತು.
ಉಂಡವರು ತಟ್ಟೆ ತೊಳೆದು ಬೋರಲಿಟ್ಟು ಹೋಗಿದ್ದರು.
‘ಕದ್ದದ್ದಕ್ಕಲ್ಲ ಮುಥೆಂಗಿ,’ ಎಂದರು ಮೇಷ್ಟರು,
‘ತೊಳೆದಿಟ್ಟರಲ್ಲ,
ಅದಕ್ಕೇ ನಿದ್ದೆ ಬರುತ್ತಿಲ್ಲ.’

ಊರು ಸೂರೆಯಾದ ಮೇಲೆ ಕೋಟೆಗೆ ಬಾಗಿಲು.
ಗೋಡೆ ಎರಡು ವರಸೆ ಏರಿತು.
ಅದರ ಮೇಲೆ ಆರೆಳೆ ತಂತಿ, ತಂತಿಯಲ್ಲಿ ಕರೆಂಟು;
ಮೊದಲ ವಾರ ಸಿಕ್ಕಿಬಿದ್ದದ್ದು ಒಂದು ಓತಿಕೇತ.
ಬೋಗನ್‌ವಿಲ್ಲಾ ಕಡಿಸಿದರು, ಅಡಗಲು ಜಾಗವಂತೆ.
ಕ್ಯಾಮೆರಾ ಹದಿನೇಳು ಬಂದವು. ಅವುಗಳಲ್ಲೊಂದು
ಹಗಲೂ ರಾತ್ರಿ ನನ್ನ ಕುರ್ಚಿಯನ್ನೇ ನೋಡುತ್ತದೆ.
ಹೊಲ ಯಾರೇ ಮೇಯಲಿ, ಮೊದಲು
ಬೇಲಿಯ ಬಾಯಿ ಮೂಸುವುದು ವಾಡಿಕೆ.
ನನಗೇನೂ ಸಿಟ್ಟಿಲ್ಲ.

ಕಿಟುಯಿಯಿಂದ ಬಂದು ಹನ್ನೊಂದು ವರ್ಷ.
ಯಾರ ಕಾರಿನ ಯಾವ ಚಕ್ರ ಕಿರುಗುಟ್ಟುತ್ತದೆಂದು
ಕತ್ತಲಲ್ಲೇ ಹೇಳಬಲ್ಲೆ.
ಮೂರನೇ ನಂಬರಿನ ಹುಡುಗ
ಯಾವ ಶನಿವಾರ ಗೋಡೆ ಹಾರಿ ಬಂದ, ಅದೂ ಗೊತ್ತು.
ಪುಸ್ತಕದಲ್ಲಿ ಬರೆದಿಲ್ಲ.

ಕೊನೆಗೆ ಬಂತು ಬೆರಳಿನ ಯಂತ್ರ.
ಅಧ್ಯಕ್ಷರು, ಗಿಚೂಕಿ ಸಾಹೇಬರು, ತಾವೇ ಮೊದಲು ಒತ್ತಿದರು.
ಹಸಿರು ದೀಪ. ಚಪ್ಪಾಳೆ.
ಕೆಲಸದವರನ್ನು ಸಾಲಾಗಿ ನಿಲ್ಲಿಸಿದರು.
ಕೆರುಬೊ ಒತ್ತಿದಳು. ಕೆಂಪು.
ಹೆಬ್ಬೆರಳು, ಕೆಂಪು. ಎಡಗೈ, ಕೆಂಪು.
ಸೊಂಟದ ಲೆಸೊ ಬಟ್ಟೆಗೆ ಒರೆಸಿಕೊಂಡು ಮತ್ತೆ ಒತ್ತಿದಳು,
ತಪ್ಪು ತನ್ನದೇ ಎಂಬಂತೆ, ಮೆಲ್ಲಗೆ.
ಯಂತ್ರದೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಹೇಳಿದಳು:
ಗುರುತು ಸಿಗಲಿಲ್ಲ. ದಯವಿಟ್ಟು ಮತ್ತೆ ಪ್ರಯತ್ನಿಸಿ.

ಈ ಮನೆಗಳು ಎದ್ದ ದಿನದಿಂದ
ಇಲ್ಲಿಯ ಕಾಲರು, ಇಲ್ಲಿಯ ದಿಂಬು, ಇಲ್ಲಿಯ ಮಕ್ಕಳ ಕಾಲುಚೀಲ
ಉಜ್ಜಿದ ಕೈ. ಕೊಳೆಯ ಜೊತೆ
ಬೆರಳ ಗೆರೆಗಳೂ ಸೋಪಿನ ನೀರಲ್ಲಿ ಮೋರಿಗೆ ಹೋಗಿದ್ದವು.
ಕಂಪನಿಯ ಹುಡುಗ ಕೈಯನ್ನು ಬೆಳಕಿಗೆ ಹಿಡಿದು ನೋಡಿದ.
‘ಎರಡು ವಾರ ನೀರು ಮುಟ್ಟಬೇಡಿ ಅಮ್ಮ,
ಗೆರೆ ತಾವೇ ಹುಟ್ಟುತ್ತವೆ.’
ಅವಳು ನಕ್ಕಳು. ನಾವೆಲ್ಲ ನಕ್ಕೆವು,
ಹುಡುಗನೊಬ್ಬನನ್ನು ಬಿಟ್ಟು.

ಬೆಳಗಿನ ಐದೂಮುಕ್ಕಾಲಿಗೆ ಬರುತ್ತಾಳೆ.
ಬೆರಳಿಲ್ಲದವರು ಎಂಟರ ತನಕ, ಯಜಮಾನಿ ಬಂದು ಸಹಿ ಹಾಕುವ ತನಕ
ಹೊರಗೇ ನಿಲ್ಲಬೇಕು. ನಿಯಮ.
ಜುಲೈ ತಿಂಗಳ ನೈರೋಬಿಯ ಚಳಿಗೆ ನಿಯಮ ಗೊತ್ತಿಲ್ಲ.
ನಾನು ಕುರ್ಚಿಯನ್ನು ಒಂದು ಗೇಣು ಸರಿಸುತ್ತೇನೆ,
ಕ್ಯಾಮೆರಾಕ್ಕೆ ಬೆನ್ನು ಅಡ್ಡ ಬರುವ ಹಾಗೆ,
ನನ್ನ ಬೆರಳು ಒತ್ತುತ್ತೇನೆ. ಹಸಿರು.
‘ಸ್ವಾಗತ, ಮುಥೆಂಗಿ,’ ಎನ್ನುತ್ತಾಳೆ ಯಂತ್ರದ ಹೆಂಗಸು.
ಕೆರುಬೊ ಒಳಗೆ ಹೋಗುತ್ತಾಳೆ.
ಸಂಜೆ ಹೊರಡುವಾಗ ಅವಳಿಗೆ ಬೆರಳು ಬೇಡ,
ಹಗಲಿನವನು ಚೀಲ ತಡಕಿ ಬಿಡುತ್ತಾನೆ.

ತಿಂಗಳ ಕೊನೆಯ ಬೆಳಿಗ್ಗೆ, ಇನ್ನೂ ಕತ್ತಲು,
ಮೊಂಬಾಸಾ ವಿಮಾನಕ್ಕೆ ಹೊರಟಿದ್ದ ಗಿಚೂಕಿ ಸಾಹೇಬರು
ಕಾರಿಳಿದು ಬಂದರು, ಕೈಯಲ್ಲೊಂದು ಹಾಳೆ.
‘ಈ ತಿಂಗಳು ನೀನು ಒಳಗೆ ಬಂದದ್ದು ಐವತ್ತೊಂದು ಸಲ.
ಹೊರಗೆ ಹೋದದ್ದು ಇಪ್ಪತ್ತೈದು.
ಅಂದರೆ ಇಪ್ಪತ್ತಾರು ಮುಥೆಂಗಿ ಒಳಗೇ ಇರಬೇಕು.
ಒಬ್ಬ ಇಲ್ಲಿ ನಿಂತಿದ್ದಾನೆ.
ಉಳಿದ ಇಪ್ಪತ್ತೈದು ಜನ ಎಲ್ಲಿ?’

ಲೆಕ್ಕ ಸರಿಯಾಗಿತ್ತು.
ಗೇಟಿನ ದೀಪದಲ್ಲಿ ಅವರ ಅಂಗಿಯ ಕಾಲರು
ಎಷ್ಟು ಬಿಳಿ, ಎಷ್ಟು ಬಿಳಿ.
ನಾನು ಅದನ್ನೇ ನೋಡುತ್ತ ನಿಂತೆ.
ಗೋಡೆಯಾಚೆ ಯಾರೋ ಕೆಮ್ಮಿದರು.
‘ಯಾರದು?’ ಎಂದರು ಸಾಹೇಬರು.