ಮೂರು ಗಂಟಿನ ಹಗ್ಗ

ಕುಮಟೆಯ ಹೆದ್ದಾರಿ ಬದಿಗೆ ನನ್ನ ತಗಡಿನ ಚಪ್ಪರ.
ಹದಿನಾಲ್ಕು ವರ್ಷದಿಂದ ಹಳೆ ಗಾಡಿ ಮಾರುತ್ತೇನೆ.
ಬಂದವರು ಮೊದಲು ಬಣ್ಣ ನೋಡುತ್ತಾರೆ,
ಆಮೇಲೆ ಮೈಲೇಜು ಕೇಳುತ್ತಾರೆ.
ನಾನು ಹೇಳುತ್ತೇನೆ,
ಅವರು ನಂಬಿದ ಹಾಗೆ ಮಾಡುತ್ತಾರೆ.
ಕೊನೆಗೆ ಟೈರಿಗೆ ಒಂದು ಒದೆ;
ಯಾಕೆಂದು ಒದ್ದವನಿಗೂ ಗೊತ್ತಿಲ್ಲ.

ಮಂಕಾಳಿ ಪಟಗಾರ ಬಂದದ್ದು ಹಗ್ಗ ಹಿಡಿದುಕೊಂಡು.
ಕತ್ತದ ಹಗ್ಗ, ಅದಕ್ಕೆ ಮೂರು ಗಂಟು.
"ಎಂತ, ಎಮ್ಮೆ ಕಟ್ಟಲಿಕ್ಕೆ ಬಂದ್ಯಾ?" ಅಂದೆ.
"ಅಳೀಲಿಕ್ಕೆ."
"ಮೂರು ಗಂಟು ಮದುವೆಯಲ್ಲಿ ಹಾಕುವುದಲ್ಲವಾ?"
"ಆ ಮೂರು ಅಪ್ಪ ನೋಡಿ ಹಾಕಿಸಿದ್ದು, ಶಾನ್ಭಾಗರೇ.
ಈ ಮೂರು ನಾನೇ ಹಾಕಿದ್ದು."

ಜೊತೆಗೆ ಬಂದ ಮೈದುನ ಆಗಲೇ
ಬಿಳಿ ಬೊಲೆರೊದೊಳಗೆ ಕೂತು
ನಿಂತ ಗಾಡಿಯ ಸ್ಟೇರಿಂಗು ತಿರುಗಿಸುತ್ತಿದ್ದ.
"ಅತ್ತಿಗೆ, ಊರಿಗೆ ಬಂದರೆ ಇಂಥದ್ದು ಬರಬೇಕು!"

ಅವಳು ಗಾಡಿಯ ಮೂತಿಗೆ ಅಡ್ಡ ಹಗ್ಗ ಹಿಡಿದಳು.
"ತುದಿಯಿಂದ ಈ ಗಂಟಿಗೆ ನಮ್ಮ ಗಜನಿ ಕಟ್ಟೆ.
ಎಡಕ್ಕೆ ಅಘನಾಶಿನಿ, ಬಲಕ್ಕೆ ಕಗ್ಗದ ಗದ್ದೆ,
ಮನೆಗೆ ಬೇರೆ ದಾರಿ ಇಲ್ಲ.
ಇದಕ್ಕಿಂತ ಬೆರಳಗಲ ಹೆಚ್ಚಾದರೂ
ನಿಮ್ಮ ಗಾಡಿ ಏಡಿಗಳಿಗೆ ಬಳುವಳಿ."

ಒಂದು ಗೇಣು ಹೆಚ್ಚಿತ್ತು.
ಮೈದುನ ಇಳಿದು, ಬಾಗಿಲನ್ನು ಸದ್ದಿಲ್ಲದೆ ಮುಚ್ಚಿದ,
ಸಂಬಂಧ ಮುರಿದ ಮನೆಯಿಂದ ಹೊರಬೀಳುವವನ ಹಾಗೆ.

ಎರಡನೆಯ ಗಂಟು ನೆಲದಿಂದ ಅವಳ ಸೊಂಟಕ್ಕೆ.
"ಭತ್ತದ ಚೀಲ ಇಷ್ಟರವರೆಗೆ ಒಬ್ಬಳೇ ಎತ್ತುತ್ತೇನೆ.
ಮೇಲಾದರೆ ಮತ್ತೊಬ್ಬರನ್ನು ಕರೆಯಬೇಕು.
ಕರೆದರೆ ಯಾರು ಬರುತ್ತಾರೆ?"
ಮೈದುನ ಮೊಬೈಲು ನೋಡಿಕೊಂಡ.

ಹಸಿರು ಟಾಟಾ ಏಸ್, ಎರಡು ಗಂಟಿಗೂ ಸರಿ.
ಹೋದ ವಾರವಷ್ಟೇ ಬಣ್ಣ ಹೊಡೆಸಿದ್ದೆ.
ಸೀರೆ ಎತ್ತಿ ಕಟ್ಟಿ ಕೆಳಗೆ ಬಗ್ಗಿದಳು,
ಚಾಸಿಯ ಸಂದಿಗೆ ಉಗುರು ಹಾಕಿ ಕೆರೆದಳು,
ಆ ಬೆರಳನ್ನು ನಾಲಿಗೆಗೆ ಇಟ್ಟಳು.

ನಾನು ಹೆದ್ದಾರಿಯ ಕಡೆ ನೋಡಿದೆ.
ಅತ್ತ ಲಾರಿಗಳು ಹೋಗುತ್ತಿದ್ದವು, ಬಹಳ ಲಾರಿಗಳು.

"ತದಡಿ ಬಂದರದಲ್ಲಿ ಎಷ್ಟು ವರ್ಷ ಓಡಿದೆ?"
"...ಮೂರು."
"ಬಂಗಡೆ ನೀರು ಕುಡಿದ ತಗಡು.
ಎರಡು ಮಳೆಗಾಲಕ್ಕೆ ಹಪ್ಪಳ.
ಗಜನಿಯವರಿಗೆ ಉಪ್ಪು ಮಾರಲಿಕ್ಕೆ ಬಂದಿರಾ?"

ಮೂಲೆಯಲ್ಲಿತ್ತು ಬೂದು ಬಣ್ಣದ ಆಪೆ,
ಬೇಕರಿಯವನು ಬಿಟ್ಟುಹೋದದ್ದು.
ಮೂರು ಚಕ್ರ, ಒಡೆದ ಕನ್ನಡಿ,
ಸ್ಟಾರ್ಟ್ ಮಾಡಿದರೆ ಗಂಟಲು ಕಟ್ಟಿದ ಮುದುಕನ ಕೆಮ್ಮು.
ನಾನು ತೋರಿಸಿಯೂ ಇರಲಿಲ್ಲ.
ಅವಳೇ ಹೋಗಿ ಮೂಸಿದಳು.
"ಟೋಸ್ಟಿನ ವಾಸನೆ," ಅಂದು ಮೊದಲ ಸಲ ನಕ್ಕಳು.

ಅಗಲ ಸರಿ. ಎತ್ತರ ಸರಿ.
ಮೂರನೆಯ ಗಂಟನ್ನು ಹಿಂದಿನ ಡಬ್ಬದೊಳಗೆ
ಆ ತುದಿಯಿಂದ ಈ ತುದಿಗೆ ಎಳೆದಳು.
ನಾಲ್ಕು ಬೆರಳು ಜಾಗ ಉಳಿಯಿತು.
ಆ ನಾಲ್ಕು ಬೆರಳಿನ ಮೇಲೆ ಅಂಗೈ ಇಟ್ಟು ನಿಂತಳು.

"ಇದೆಂತದು?"
"ನಮ್ಮತ್ತೆ."
"..."
"ಹೋದ ಶ್ರಾವಣ ಉಸಿರು ಹಿಡಿದಿತ್ತು.
ಪಾತಿದೋಣಿಯಲ್ಲಿ ಕಾಲು ಮಡಚಿ ಮಲಗಿಸಿ
ಆಸ್ಪತ್ರೆಗೆ ತಂದೆವು. ಉಳಿದಳು.
ಈಗ ದಿನಾ ಬೆಳಿಗ್ಗೆ ಬಯ್ಯುತ್ತಾಳೆ,
ಮೊಣಕಾಲು ಹಾಳು ಮಾಡಿದೆ ನೀನು ಅಂತ.
ಮುಂದಿನ ಸಲ ಕಾಲು ಚಾಚಿ ಹೋಗಲಿ."

ಐದು ಸಾವಿರ ಇಳಿಸಿದೆ.
ಹೆಚ್ಚು ಇಳಿಸಬಹುದಿತ್ತು, ಸುಳ್ಳು ಯಾಕೆ.
ಹೊಸ ಕನ್ನಡಿ ಹಾಕಿಸಿಕೊಟ್ಟೆ.
ಮೈದುನ ಓಡಿಸಿದ, ಅವಳು ಹಿಂದೆ ಡಬ್ಬದಲ್ಲಿ
ಕಾಲು ಚಾಚಿ ಕೂತು ಹೋದಳು,
ಅಳತೆ ಇನ್ನೂ ಮುಗಿದಿಲ್ಲ ಎಂಬಂತೆ.

ಸಂಜೆ, ಯಾರೂ ಇಲ್ಲದಾಗ, ಏಸಿನ ಕೆಳಗೆ ಬಗ್ಗಿ
ನಾನೂ ಒಮ್ಮೆ ಬೆರಳು ನೆಕ್ಕಿ ನೋಡಿದೆ.

ಮರುದಿನ ಒಬ್ಬ ಬಂದ.
ಹಸಿರು ಚೆನ್ನಾಗಿದೆ ಅಂದ, ಟೈರಿಗೆ ಒದ್ದ.
"ಹೇಳಿ, ಗಾಡಿ ಹೇಗೆ?"
ಬಾಯಿ ತೆರೆದೆ.
ನಾಲಿಗೆಯ ತುದಿಯಲ್ಲಿ ಉಪ್ಪು.