ತೂಗುಗುಂಡು

ರೇಷನ್ ಕಾರ್ಡಿನಲ್ಲಿ ಅವನ ಹೆಸರು ಆಶೀರ್ವಾದಂ.
ಸೆಂಟ್ರಿಂಗ್ ಹುಡುಗರ ಬಾಯಲ್ಲಿ ಸವೆದು ಸವೆದು
ಆಸರಪ್ಪ ಆಯಿತು.
ಅವನು ತಿದ್ದಲಿಲ್ಲ.

ಅಪ್ಪ ಪಾಲಮೂರಿನಿಂದ ಲಾರಿ ಹತ್ತಿ ಬಂದು
ಅಣೆಕಟ್ಟೆಗೆ ಮಣ್ಣು ಹೊತ್ತವನು.
ಮಗ ಕರಣೆ ಹಿಡಿದ, ಆಮೇಲೆ ಕಂತ್ರಾಟು.
ಅಂಗಿಯ ಜೇಬಿನಲ್ಲಿ ಸದಾ ಹಿತ್ತಾಳೆಯ ತೂಗುಗುಂಡು,
ಅದರ ಭಾರಕ್ಕೆ ಎಡಭುಜ ಒಂಚೂರು ಜಗ್ಗಿರುತ್ತಿತ್ತು.

ಗೋಪಾಳದಲ್ಲಿ ಟೈರ್ ಅಂಗಡಿಯ ಮೇಲೆ ಬಾಡಿಗೆ ಕೋಣೆ,
ಭಾನುವಾರ ಹನ್ನೊಂದು ಜನ, ಒಂದು ಡೋಲಕ್, ತೆಲುಗು ಹಾಡು.
'ಯಾವ ಚರ್ಚು ಮೇಸ್ತ್ರೀ?' ಅಂದರೆ
'ಮೆನ್ನೊನೈಟ್' ಅನ್ನುತ್ತಿದ್ದ.
ಅದು ಯಾವ ಕಂಪನಿ ಸಿಮೆಂಟು ಅಂತ ಖಾಸಿಂ ಕೇಳಿದ.
ನಮಗೆ ತಿಳಿದದ್ದಿಷ್ಟು:
ಹೊಡೆಯುವುದಿಲ್ಲ, ಹೊಡೆಸುವುದಿಲ್ಲ, ಆಣೆ ಇಡುವುದಿಲ್ಲ,
ಬುದ್ಧಿ ಬಂದ ಮೇಲೆಯೇ ನೀರಲ್ಲಿ ಮುಳುಗಬೇಕು.
ಮಗಳು ಹತ್ತೊಂಬತ್ತಕ್ಕೆ ತುಂಗೆಯಲ್ಲಿ ಮುಳುಗಿ ಎದ್ದ ದಿನ
ಇಡೀ ಸೈಟಿಗೆ ಉಪ್ಪಿಟ್ಟು, ಎರಡೆರಡು ಬಾಳೆಹಣ್ಣು.

ಕಬ್ಬಿಣದ ಅಂಗಡಿಯವನು ಕೇಸು ಹಾಕಿದಾಗ
'ದೇವರ ಮೇಲೆ ಪ್ರಮಾಣ ಮಾಡು' ಅಂದರು ಕೋರ್ಟಿನಲ್ಲಿ.
'ಆಣೆ ಬೇಡ ಸಾರ್, ನಿಜ ಹೇಳ್ತೀನಿ.'
ನಿಜ ಹೇಳಿದ. ಸೋತ.
ಹನ್ನೆರಡು ಸಾವಿರ, ಆ ಕಾಲಕ್ಕೆ.

ಅದು ಹೋಗಲಿ. ರೇಂಜಿನ ಗೋಡೆಯದು ಬೇರೆ.

ಊರಾಚೆ ಗುಡ್ಡದ ಬುಡದಲ್ಲಿ ಪೊಲೀಸರ ಫೈರಿಂಗ್ ರೇಂಜು,
ನೂರಿಪ್ಪತ್ತು ಅಡಿ ಉದ್ದ, ಇಪ್ಪತ್ತಾರು ಜನಕ್ಕೆ ಮೂರು ತಿಂಗಳ ಅನ್ನ.
ಇಂಜಿನಿಯರು ಮೇಜಿನ ಮೇಲೆ ನಕ್ಷೆ ಬಿಡಿಸಿದರು:
ಇಲ್ಲಿ ಗುರಿಯ ಹಲಗೆ, ಅದರ ಹಿಂದೆ ನಿನ್ನ ಗೋಡೆ.
ಆಸರಪ್ಪ ಆ ಹಲಗೆಯ ಮೇಲೆ ಬೆರಳಿಟ್ಟವನು
ಬಹಳ ಹೊತ್ತು ತೆಗೆಯಲಿಲ್ಲ.
'ಇದಕ್ಕೆ ಭುಜ ಇದೆ ಸಾರ್.'
'ಇದೆ. ಏನೀಗ?'
'ಬೇರೆಯವರಿಗೆ ಕೊಡಿ.'

ನಾಲೆಯ ದಂಡೆಯುದ್ದಕ್ಕೂ ನಾನು ಬೈದೆ.
ಹಾಜರಿ ಬರೆಯುವವನು ನಾನು,
ಯಾರ ಮನೆಯಲ್ಲಿ ಎಷ್ಟು ಬಾಯಿ, ನನಗೆ ಗೊತ್ತು.
'ಗೋಡೆ ಗುಂಡು ಹೊಡೆಯುತ್ತಾ? ತಡೆಯುತ್ತೆ ತಾನೇ?'
'ಹೌದಪ್ಪ. ನೀನು ಹೇಳೋದೂ ಸರಿ' ಅಂದ,
ಅಂದು ನಡೆಯುತ್ತಲೇ ಇದ್ದ.
ಆಗ ಇನ್ನೂ ಉರಿಯಿತು.

ಸೋಮ್ಲಿಬಾಯಿ ಮಾರನೆಯ ದಿನವೇ
ಆ ಗೋಡೆಗೆ ಇಟ್ಟಿಗೆ ಹೊರಲು ಹೋದಳು.
'ಗೋಡೆ ಗೋಡೆನೇ, ಕೂಲಿ ಕೂಲಿನೇ,'
ಅವನೆದುರೇ ಹೇಳಿ ಹೋದಳು.
ಉಳಿದವರು ದಿನಾ ಬೆಳಿಗ್ಗೆ ಬಂದು
ಶೆಡ್ಡಿನ ಮುಂದೆ ಬೀಡಿ ಸೇದಿ ಕೂತರು.
ನಾನು ಪುಸ್ತಕದಲ್ಲಿ 'ಗೈರು' ಅಂತ ಬರೆದೆ.
ಅವನು ಪೆನ್ಸಿಲು ಕೇಳಿ ಹೊಡೆದುಹಾಕಿದ:
'ಇವರು ಬಂದಿದ್ದಾರೆ. ಕೆಲಸ ಬಂದಿಲ್ಲ.'

ಮಿಕ್ಸರ್ ಯಂತ್ರ ಮಾರಿ ಶನಿವಾರ ಅರ್ಧ ಬಟವಾಡೆ ಕೊಟ್ಟ.
ಮುಂದೆ ಎರಡು ವರ್ಷ ಕಾಂಕ್ರೀಟು ಕೈಯಲ್ಲೇ ಕಲಸಿದೆವು.
ಆ ಬೊಬ್ಬೆಗಳನ್ನು ನಾನು ಯಾವ ಪುಟದಲ್ಲೂ ಬರೆದಿಲ್ಲ.
ಅವನು ಮಾಡಿದ್ದು ಸರಿಯೆಂದು ಇವತ್ತಿಗೂ ಒಪ್ಪಿಲ್ಲ.
ಬೇರೆಯವರ ಹತ್ತಿರ ಕೆಲಸಕ್ಕೂ ಹೋಗಲಿಲ್ಲ.

ಆಮೇಲೊಂದು ಗುರುವಾರ, ಗಾಡಿಕೊಪ್ಪದ ಶಾಲೆಯ ಸ್ಲ್ಯಾಬು,
ಮಣ್ಣಿನ ಬದು ಕಟ್ಟಿ ಚೌಕ ಚೌಕ ನೀರು ನಿಲ್ಲಿಸಿದ್ದೆವು.
ಗುಡ್ಡದ ಕಡೆಯಿಂದ ಸದ್ದು: ಒಂದು, ಮತ್ತೆರಡು, ಆಮೇಲೆ ಸಾಲಾಗಿ.
ಮರಳಿ ಬಂದಿದ್ದ ಸೋಮ್ಲಿಬಾಯಿ ಪೈಪು ಹಿಡಿದೇ ಅಂದಳು:
'ಆ ಗೋಡೆ ವಾಲಿದೆ ಮೇಸ್ತ್ರೀ.
ಕಟ್ಟೋವಾಗ ಒಂದು ದಿನಾನೂ ಗುಂಡು ಬಿಟ್ಟು ನೋಡಲಿಲ್ಲ ಅವರು.'
ಖಾಸಿಂ ನಕ್ಕುಬಿಟ್ಟ. ನಾನೂ.
ಆಸರಪ್ಪ ನೀರನ್ನೇ ನೋಡುತ್ತಿದ್ದ,
ಒಂದೊಂದು ಸದ್ದಿಗೂ ಅದು ನಡುಗುತ್ತದೋ ಏನೋ ಅನ್ನುವ ಹಾಗೆ.

ಸದ್ದು ನಿಂತ ಮೇಲೆ ಕೇಳಿದ: 'ಎಷ್ಟು ದಿನ ಆಯ್ತು?'
ಪುಸ್ತಕ ನೋಡಿ ಹೇಳಿದೆ: 'ಒಂಬತ್ತು.'
'ಇನ್ನೂ ಹನ್ನೆರಡು ದಿನ ನೀರು ಬೇಕು' ಅಂದ.
ಆ ಮೂಲೆಯಲ್ಲಿ ಬದು ಒಡೆದಿತ್ತು,
ಒಂದು ಹಿಡಿ ಮಣ್ಣು ತರಲು ಏಣಿ ಇಳಿದ.